ದಶಮಾನದಿಂದ ದ್ವಿಮಾನಕ್ಕೆ, ದ್ವಿಮಾನದಿಂದ ದಶಮಾನಕ್ಕೆ: ಪೆನ್ನು ಕಾಗದದಲ್ಲೇ ಮಾಡುದು ಹೇಗೆ

ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಪ್ಲಸ್ ವನ್‌ಗೆ ಕಂಪ್ಯೂಟರ್ ಸೈನ್ಸ್ ತಗೊಂಡ ಮಕ್ಕಳಿಗೆ ಶುರುವಿನಲ್ಲೇ ಎದುರು ಬರುವ ಪಾಠ ಇದು, ನಂಬರ್ ಸಿಸ್ಟಮ್. ಅಲ್ಲಿವರೆಗೆ ಶೇಷ, ಭಾಗಲಬ್ಧ, ಸ್ಥಾನಬೆಲೆ ಅಂತ ಕಲಿತವರಿಗೆ ಒಮ್ಮೆಲೇ ಪುಸ್ತಕ ಇಂಗ್ಲಿಷಲ್ಲಿ, ಕ್ಲಾಸಲ್ಲಿ ಮಾತು ಅರ್ಧ ಮಲಯಾಳದಲ್ಲಿ, ಹಾಗಾಗಿ ಲೆಕ್ಕವೇ ಕಷ್ಟ ಅಂತ ಅನಿಸ್ತದೆ. ಲೆಕ್ಕ ಕಷ್ಟ ಇಲ್ಲ. ಎರಡರಿಂದ ಭಾಗಿಸ್ಲಿಕ್ಕೆ, ಎರಡರಿಂದ ಗುಣಿಸ್ಲಿಕ್ಕೆ, ಒಂದು ಕೂಡಿಸ್ಲಿಕ್ಕೆ ಬಂದ್ರೆ ಸಾಕು, ಅದು ನಾಲ್ಕನೇ ಕ್ಲಾಸಿನ ಮಗುವಿಗೂ ಬರ್ತದೆ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯ ಮಕ್ಕಳು ಇದನ್ನ ಕನ್ನಡದಲ್ಲೇ ಒಮ್ಮೆ ಸರಿಯಾಗಿ ಅರ್ಥ ಮಾಡ್ಕೊಂಡ್ರೆ ಮತ್ತೆ ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದ್ರೂ ಹೆದರ್ಬೇಕಾಗಿಲ್ಲ ಅಂತ ನಂಗೆ ಗಟ್ಟಿ ನಂಬಿಕೆ, ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೆ ಬರೀತಿದ್ದೇನೆ.

ಒಂದು ಮಾತು ಮೊದಲೇ ಹೇಳ್ತೇನೆ. ಇಲ್ಲಿ ಬಾಯಿಪಾಠ ಮಾಡ್ಬೇಕಾದ ರೂಲು ಯಾವುದೂ ಇಲ್ಲ. ‘ಶೇಷವನ್ನ ಕೆಳಗಿಂದ ಮೇಲೆ ಓದಿ’ ಅಂತ ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಮೇಲಿಂದ ಕೆಳಗಾ ಕೆಳಗಿಂದ ಮೇಲಾ ಅಂತ ಗೊಂದಲ ಆಗಿ ಕೂರ್ತಾರೆ, ಯಾಕೆ ಹಾಗೆ ಓದುದು ಅಂತ ಗೊತ್ತಿದ್ದವರು ಮರೀಲಿಕ್ಕೇ ಆಗುದಿಲ್ಲ.

ಮೊದಲು ಸ್ಥಾನಬೆಲೆ

ನಮ್ಮ ಕಾಸರಗೋಡಿನ ಪಿನ್ ಕೋಡ್ ಎಲ್ಲ 671ರಿಂದ ಶುರು ಆಗ್ತದೆ ಅಲ್ವಾ, ಅದನ್ನೇ ತಗೊಳ್ಳಿ. 671 ಅಂದ್ರೆ ಆರು ನೂರು, ಏಳು ಹತ್ತು, ಒಂದು ಬಿಡಿ. ಬಲದಿಂದ ಎಡಕ್ಕೆ ಹೋಗ್ತಾ ಒಂದೊಂದು ಸ್ಥಾನದ ಬೆಲೆ ಹತ್ತು ಪಟ್ಟು ಜಾಸ್ತಿ ಆಗ್ತದೆ, 1, 10, 100, 1000. ಪ್ರತಿ ಸ್ಥಾನದಲ್ಲಿ 0ಯಿಂದ 9ರವರೆಗೆ ಯಾವ ಅಂಕಿ ಬೇಕಾದ್ರೂ ಕೂತ್ಕೊಳ್ಬಹುದು. ಇದು ದಶಮಾನ.

ದ್ವಿಮಾನದಲ್ಲಿ ಬೇರೆ ಎಂತದೂ ಬದಲಾಗುದಿಲ್ಲ, ಹತ್ತು ಪಟ್ಟಿನ ಬದ್ಲು ಎರಡು ಪಟ್ಟು, ಅಷ್ಟೇ. ಸ್ಥಾನಗಳ ಬೆಲೆ ಬಲದಿಂದ ಎಡಕ್ಕೆ 1, 2, 4, 8, 16, 32, 64, 128, 256, 512, 1024, 2048, ಹೀಗೆ. ಪ್ರತಿ ಸ್ಥಾನದಲ್ಲಿ ಇರ್ಲಿಕ್ಕೆ ಅವಕಾಶ ಇರುದು 0 ಅಥವಾ 1ಕ್ಕೆ ಮಾತ್ರ. 1 ಇದ್ರೆ ಆ ಸ್ಥಾನದ ಬೆಲೆ ಲೆಕ್ಕಕ್ಕೆ ಉಂಟು, 0 ಇದ್ರೆ ಇಲ್ಲ. ಕಂಪ್ಯೂಟರಿನ ಒಳಗೆ ಇರುವ ಸರ್ಕ್ಯೂಟಿಗೆ ಆನ್, ಆಫ್ ಅಂತ ಎರಡು ಸ್ಥಿತಿಯನ್ನ ತಪ್ಪಿಲ್ಲದೆ ಗುರುತಿಸುದು ಸುಲಭ, ಹತ್ತು ಬೇರೆ ಬೇರೆ ಮಟ್ಟವನ್ನ ಗುರುತಿಸುದು ಕಷ್ಟ, ಅದಕ್ಕೆ ಅಲ್ಲಿ ದ್ವಿಮಾನ.

ಈ 1, 2, 4, 8 ಸಾಲನ್ನ ನೋಟ್ಸಿನ ಮೇಲ್ಭಾಗದಲ್ಲಿ ಒಮ್ಮೆ ಬರ್ದಿಟ್ಕೊಳ್ಳಿ. ಬಾಯಿಪಾಠ ಬೇಡ, ಹಿಂದಿನದ್ದನ್ನ ದುಪ್ಪಟ್ಟು ಮಾಡ್ತಾ ಹೋದ್ರೆ ಅದೇ ಬರ್ತದೆ.

ದ್ವಿಮಾನದಿಂದ ದಶಮಾನಕ್ಕೆ

ಇದನ್ನೇ ಮೊದಲು ಕಲೀರಿ, ಪುಸ್ತಕದಲ್ಲಿ ಯಾವ ಕ್ರಮದಲ್ಲಿ ಇದ್ರೂ. ಯಾಕಂದ್ರೆ ಇದು ಸುಲಭ, ಮತ್ತೆ ಇದು ಗೊತ್ತಿದ್ರೆ ಆಚೆ ಕಡೆ ಮಾಡಿದ ಲೆಕ್ಕ ಸರಿಯಾ ತಪ್ಪಾ ಅಂತ ನೀವೇ ನೋಡ್ಬಹುದು, ಯಾರನ್ನೂ ಕೇಳ್ಬೇಕಂತ ಇಲ್ಲ.

1110 ತಗೊಳ್ಳಿ. ಬಲದ ಕೊನೆಯಿಂದ ಬೆಲೆ ಹಾಕಿ: 0ಯ ಮೇಲೆ 1, ಮುಂದಿನ 1ರ ಮೇಲೆ 2, ಅದರ ಮುಂದೆ 4, ಅದರ ಮುಂದೆ 8. ಎಲ್ಲೆಲ್ಲಿ 1 ಉಂಟೋ ಅಲ್ಲಿನ ಬೆಲೆ ಮಾತ್ರ ಕೂಡಿಸಿ, 8 + 4 + 2 = 14. ನಮ್ಮ ಜಿಲ್ಲೆಯ ಗಾಡಿಗಳ ನಂಬರ್ ಪ್ಲೇಟಿನ ಕೆಎಲ್-14ರಲ್ಲಿರುವ 14.

ಅಂಕಿ ನಾಲ್ಕೈದು ಇದ್ದಾಗ ಈ ದಾರಿ ಚಂದ. ಹತ್ತು ಹನ್ನೆರಡು ಅಂಕಿ ಬಂದಾಗ ಮೇಲೆ ಬೆಲೆ ಬರೀಲಿಕ್ಕೇ ಸಮಯ ಹೋಗ್ತದೆ, ಒಂದು ಬೆಲೆ ಆಚೀಚೆ ಆದ್ರೆ ಇಡೀ ಉತ್ತರ ಹೋಯ್ತು. ಅದಕ್ಕೆ ಇನ್ನೊಂದು ದಾರಿ ಉಂಟು, ನಂಗೆ ತುಂಬ ಇಷ್ಟದ್ದು, ಮನಸ್ಸಿನಲ್ಲೇ ಮಾಡ್ಬಹುದು. ಎಡದಿಂದ ಬಲಕ್ಕೆ ಹೋಗಿ. ಕೈಯಲ್ಲಿ ಇರುವ ಸಂಖ್ಯೆಯನ್ನ ದುಪ್ಪಟ್ಟು ಮಾಡಿ, ಮುಂದಿನ ಅಂಕಿಯನ್ನ ಕೂಡಿಸಿ. ಅಂಕಿ ಮುಗಿಯುವವರೆಗೆ ಅದೇ ಕೆಲಸ.

101101 ಮೇಲೆ ಮಾಡಿ ನೋಡುವ. ಮೊದಲ ಅಂಕಿ 1, ಕೈಯಲ್ಲಿ 1.
ಮುಂದಿನದ್ದು 0: 1ರ ದುಪ್ಪಟ್ಟು 2, ಅದಕ್ಕೆ 0, ಒಟ್ಟು 2.
ಮುಂದಿನದ್ದು 1: 2ರ ದುಪ್ಪಟ್ಟು 4, ಅದಕ್ಕೆ 1, ಒಟ್ಟು 5.
ಮುಂದಿನದ್ದು 1: 10, ಅದಕ್ಕೆ 1, ಒಟ್ಟು 11.
ಮುಂದಿನದ್ದು 0: 22.
ಕೊನೆಯದ್ದು 1: 44, ಅದಕ್ಕೆ 1, ಒಟ್ಟು 45.

ಉತ್ತರ 45. ಬೆಲೆ ಹಾಕಿ ನೋಡಿದ್ರೂ 32 + 8 + 4 + 1 = 45. ಇದು ಯಾಕೆ ಸರಿ ಆಗ್ತದೆ ಅಂದ್ರೆ, ದಶಮಾನದಲ್ಲಿ 67ರ ಬಲಕ್ಕೆ 1 ಬರೆದ್ರೆ 671 ಆಗ್ತದೆ, ಅಂದ್ರೆ 67ನ್ನ ಹತ್ತು ಪಟ್ಟು ಮಾಡಿ 1 ಕೂಡಿಸಿದ ಹಾಗೆ ಆಯ್ತು. ದ್ವಿಮಾನದಲ್ಲಿ ಬಲಕ್ಕೆ ಒಂದು ಅಂಕಿ ಬರೆದ್ರೆ ಹಿಂದೆ ಇದ್ದದ್ದು ಎರಡು ಪಟ್ಟು ಆಗ್ತದೆ, ಮತ್ತೆ ಆ ಅಂಕಿ ಸೇರ್ತದೆ. ನಾವು ಮಾಡಿದ್ದು ಅದನ್ನೇ. ಈ ಮಾತನ್ನ ನೆನಪಿಟ್ಕೊಳ್ಳಿ, ಮುಂದಿನ ಭಾಗ ಪೂರ್ತಿ ಇದರ ಮೇಲೆ ನಿಂತಿರುದು.

ದಶಮಾನದಿಂದ ದ್ವಿಮಾನಕ್ಕೆ, ಕಳೆಯುವ ದಾರಿ

ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಅದಕ್ಕಿಂತ ಮೊದಲು ನಾವು ಕಣ್ಣೂರು ಜಿಲ್ಲೆಯಲ್ಲಿ ಇದ್ದದ್ದು. ಈ 1984ನ್ನ ದ್ವಿಮಾನಕ್ಕೆ ತರುವ. 2048 ಇದಕ್ಕಿಂತ ದೊಡ್ಡದು, ಹಾಗಾಗಿ 1024ರಿಂದ ಶುರು.

1984ರಲ್ಲಿ 1024 ಹೋಗ್ತದೆ, 1 ಬರೀರಿ, ಉಳಿದದ್ದು 960. ಅದರಲ್ಲಿ 512 ಹೋಗ್ತದೆ, 1, ಉಳಿದದ್ದು 448. 256 ಹೋಗ್ತದೆ, 1, ಉಳಿದದ್ದು 192. 128 ಹೋಗ್ತದೆ, 1, ಉಳಿದದ್ದು 64. 64 ಸರಿಯಾಗಿ ಹೋಗ್ತದೆ, 1, ಉಳಿದದ್ದು 0. ಇಲ್ಲಿಗೆ ಮುಗೀತು ಅಂತ ಪೆನ್ನು ಕೆಳಗಿಟ್ರೆ ತಪ್ಪು, ಇನ್ನು 32, 16, 8, 4, 2, 1 ಅಂತ ಆರು ಸ್ಥಾನ ಬಾಕಿ ಉಂಟು, ಆರಕ್ಕೂ 0 ಹಾಕ್ಲೇಬೇಕು. ಉತ್ತರ 11111000000. ಐದು ಒಂದು, ಆರು ಸೊನ್ನೆ, ಎಷ್ಟು ಚಂದದ ವರ್ಷ ನೋಡಿ.

ಕೊನೆಯ ಸೊನ್ನೆಗಳನ್ನ ಬಿಟ್ರೆ 11111 ಮಾತ್ರ ಉಳೀತದೆ, ಅದು 31. 1984ಕ್ಕೂ 31ಕ್ಕೂ ಇರುವ ವ್ಯತ್ಯಾಸ ಆ ಆರು ಸೊನ್ನೆಯದ್ದೇ, ದಶಮಾನದಲ್ಲಿ 5000 ಬರೀಲಿಕ್ಕೆ ಹೋಗಿ 5 ಬರ್ದ ಹಾಗೆ. ಮಕ್ಕಳ ನೋಟ್ಸ್ ನೋಡುವಾಗ ಅತಿ ಹೆಚ್ಚು ಕಾಣುವ ತಪ್ಪು ಇದು.

ಸಣ್ಣ ಸಂಖ್ಯೆಗೆ, 255ರ ಒಳಗಿನದಕ್ಕೆ, ನಾನು ಇದೇ ದಾರಿ ಹಿಡೀರಿ ಅಂತ ಹೇಳುದು. ಬೇಗ ಆಗ್ತದೆ, ಮತ್ತೆ ಪ್ರತಿ 1 ಯಾಕೆ ಬಂತು ಅಂತ ಕಣ್ಣಿಗೆ ಕಾಣ್ತದೆ.

ಭಾಗಿಸುವ ದಾರಿ

ದೊಡ್ಡ ಸಂಖ್ಯೆಗೆ ಮತ್ತೆ ಪರೀಕ್ಷೆಗೆ ಇದು. 671ನ್ನೇ ಮಾಡುವ. ಎರಡರಿಂದ ಭಾಗಿಸ್ತಾ ಹೋಗಿ, ಭಾಗಲಬ್ಧವನ್ನ ಕೆಳಗೆ ಬರೀರಿ, ಶೇಷವನ್ನ ಬಲಕ್ಕೆ ಬರೀರಿ, ಭಾಗಲಬ್ಧ 0 ಆಗುವವರೆಗೆ ನಿಲ್ಲಿಸ್ಬೇಡಿ.

671 ÷ 2 = 335, ಶೇಷ 1
335 ÷ 2 = 167, ಶೇಷ 1
167 ÷ 2 = 83, ಶೇಷ 1
83 ÷ 2 = 41, ಶೇಷ 1
41 ÷ 2 = 20, ಶೇಷ 1
20 ÷ 2 = 10, ಶೇಷ 0
10 ÷ 2 = 5, ಶೇಷ 0
5 ÷ 2 = 2, ಶೇಷ 1
2 ÷ 2 = 1, ಶೇಷ 0
1 ÷ 2 = 0, ಶೇಷ 1

ಕೆಳಗಿಂದ ಮೇಲೆ ಓದಿದ್ರೆ 1010011111. ಅದೇ ಉತ್ತರ.

ಪಕ್ಕದ ಮನೆಯ ಹುಡುಗಿ ಪ್ಲಸ್ ವನ್ ಸೇರಿದವಳು ಸಂಜೆ ಜಗಲಿಯಲ್ಲಿ ಕೂತು ಇದನ್ನೇ ಮಾಡ್ತಿದ್ಳು. ಲೆಕ್ಕ ಎಲ್ಲ ಸರಿ ಉಂಟು, ಶೇಷದ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಮೇಲ್ಮುಖ ಬಾಣ ಹಾಕಿಟ್ಟಿದ್ದಾಳೆ. ‘ಅಕ್ಕಾ, ಈ ಬಾಣ ಹಾಕ್ಲಿಕ್ಕೆ ಮರೆತ್ರೆ ನಂಗೆ ಉಲ್ಟಾ ಆಗ್ತದೆ. ಕೆಳಗಿಂದ ಓದುದು ಎಂತಕ್ಕೆ?’ ಅಂತ ಕೇಳಿದ್ಳು. ನಾನು ಅವಳಿಗೆ ಹೇಳಿದ್ದು, ಮೋಳೆ, ಎರಡರ ಬದ್ಲು ಹತ್ತರಿಂದ ಭಾಗಿಸಿ ನೋಡು ಅಂತ. ಅವಳು ಅಲ್ಲೇ ಬರೆದ್ಳು:

671 ÷ 10 = 67, ಶೇಷ 1
67 ÷ 10 = 6, ಶೇಷ 7
6 ÷ 10 = 0, ಶೇಷ 6

ಶೇಷಗಳನ್ನ ಮೇಲಿಂದ ಓದಿದ್ರೆ 176, ಕೆಳಗಿಂದ ಓದಿದ್ರೆ 671. ಸ್ವಲ್ಪ ಹೊತ್ತು ಅದನ್ನೇ ನೋಡಿದ್ಳು, ಮತ್ತೆ ‘ಓ, ಮೊದಲು ಸಿಕ್ಕುದು ಬಿಡಿ ಸ್ಥಾನದ್ದಲ್ವಾ’ ಅಂದ್ಳು.

ಅಷ್ಟೇ ವಿಷಯ. ಹತ್ತರಿಂದ ಭಾಗಿಸುದು ಅಂದ್ರೆ ಬಲದ ಕೊನೆಯ ಅಂಕಿಯನ್ನ ಕಿತ್ತು ತೆಗೆಯುದು, ಕಿತ್ತದ್ದು ಶೇಷ ಆಗಿ ಕೈಗೆ ಬರ್ತದೆ, ಉಳಿದದ್ದು ಭಾಗಲಬ್ಧ. ಎರಡರಿಂದ ಭಾಗಿಸುದು ಅಂದ್ರೆ ಅದೇ ಸಂಖ್ಯೆಯ ದ್ವಿಮಾನ ರೂಪದ ಬಲದ ಕೊನೆಯ ಅಂಕಿಯನ್ನ ಕಿತ್ತು ತೆಗೆಯುದು, ಆ ದ್ವಿಮಾನ ರೂಪ ಎಂತದು ಅಂತ ನಮಗೆ ಇನ್ನೂ ಗೊತ್ತಿಲ್ಲದಿದ್ರೂ ಕೊನೆಯ ಅಂಕಿ ಎಂತದು ಅಂತ ಗೊತ್ತಾಗ್ತದೆ, ಸಂಖ್ಯೆ ಬೆಸ ಆದ್ರೆ 1, ಸಮ ಆದ್ರೆ 0. ಕಿತ್ತು ತೆಗೆದು ಉಳಿದದ್ದಕ್ಕೆ ಮತ್ತೆ ಅದೇ ಪ್ರಶ್ನೆ. ಹೀಗೆ ಬಲದಿಂದ ಎಡಕ್ಕೆ ಅಂಕಿಗಳು ಒಂದೊಂದಾಗಿ ಸಿಕ್ತಾ ಬರ್ತವೆ, ಮೊದಲು ಸಿಕ್ಕಿದ್ದು ಬಲದ ತುದಿ, ಕೊನೆಗೆ ಸಿಕ್ಕಿದ್ದು ಎಡದ ತುದಿ. ಕೆಲವರು ಕೆಳಗಿಂದ ಮೇಲೆ ಓದುದರ ಬದ್ಲು ಪ್ರತಿ ಶೇಷ ಸಿಕ್ಕಿದ ಕೂಡ್ಲೆ ಉತ್ತರದ ಎಡಗಡೆಗೆ ಸೇರಿಸ್ತಾ ಹೋಗ್ತಾರೆ, ಅದೂ ಒಳ್ಳೇದೇ, ಬಾಣವೇ ಬೇಡ.

ಮೇಲೆ ದುಪ್ಪಟ್ಟು ಮಾಡಿ ಕೂಡಿಸಿದ್ದು ನೆನಪುಂಟಲ್ಲ, ಇದು ಅದನ್ನೇ ಹಿಂದಕ್ಕೆ ಓಡಿಸಿದ್ದು. ಅಲ್ಲಿ ಅಂಕಿ ಸೇರಿಸಿದೆವು, ಇಲ್ಲಿ ಅಂಕಿ ತೆಗೆದೆವು. ಹಾಗಾಗಿ ಉತ್ತರ ಬಂದ ಕೂಡ್ಲೆ ದುಪ್ಪಟ್ಟು ಮಾಡ್ತಾ ವಾಪಾಸ್ ಹೋಗಿ: 1010011111ಕ್ಕೆ 1, 2, 5, 10, 20, 41, 83, 167, 335, 671. ಭಾಗಾಕಾರದಲ್ಲಿ ಬಂದ ಭಾಗಲಬ್ಧಗಳೇ ಕೆಳಗಿಂದ ಮೇಲೆ ಬರ್ತಾ ಉಂಟು ನೋಡಿ. ಎಲ್ಲಾದ್ರೂ ಒಂದು ಸಂಖ್ಯೆ ಹೊಂದಿಕೆ ಆಗ್ಲಿಲ್ಲ ಅಂದ್ರೆ ತಪ್ಪಿರುದು ಅದೇ ಸಾಲಿನಲ್ಲಿ, ಇಡೀ ಲೆಕ್ಕ ಮೊದಲಿಂದ ಮಾಡ್ಬೇಕಂತ ಇಲ್ಲ.

ಪರೀಕ್ಷೆ ಹಾಲಿನಲ್ಲಿ ಅಷ್ಟು ಸಮಯ ಇಲ್ಲದಿದ್ರೆ ಎರಡೇ ವಿಷಯ ನೋಡಿ. ಮೂಲ ಸಂಖ್ಯೆ ಬೆಸ ಆದ್ರೆ ಉತ್ತರದ ಕೊನೆ 1 ಇರ್ಬೇಕು, ಸಮ ಆದ್ರೆ 0. ಮತ್ತೆ ಅಂಕಿ ಎಷ್ಟು ಅಂತ ಎಣಿಸಿ: 512ರಿಂದ 1023ರವರೆಗಿನ ಸಂಖ್ಯೆಗೆ ಹತ್ತೇ ಅಂಕಿ, 1024ರಿಂದ 2047ಕ್ಕೆ ಹನ್ನೊಂದು. ಭಾಗಲಬ್ಧ 1 ಬಂದಾಗಲೇ ನಿಲ್ಲಿಸಿದವರಿಗೆ ಒಂದು ಅಂಕಿ ಕಮ್ಮಿ ಬರ್ತದೆ, ಎಡದ ತುದಿಯ 1 ಹೋಗಿರ್ತದೆ. ಈ ಎರಡು ಚೆಕ್ಕಿನಲ್ಲಿ ಹೆಚ್ಚಿನ ತಪ್ಪು ಸಿಕ್ಕಿಬೀಳ್ತದೆ.

ಲಘು ಗುರು ಗೊತ್ತಿದ್ದವರಿಗೆ

ಹೈಸ್ಕೂಲಿನ ಕನ್ನಡ ಪೀರಿಯಡ್‌ನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದು ನೆನಪುಂಟಾ? ಮೂರು ಅಕ್ಷರದ ಗಣ ಒಟ್ಟು ಎಂಟು, ಯಾಕೆ ಎಂಟು ಅಂದ್ರೆ ಪ್ರತಿ ಅಕ್ಷರಕ್ಕೆ ಲಘು ಇಲ್ಲ ಗುರು ಅಂತ ಎರಡೇ ಆಯ್ಕೆ, 2 × 2 × 2. ಗುರುವಿಗೆ 0, ಲಘುವಿಗೆ 1 ಅಂತ ಇಟ್ಟು, ಎಡದ ಅಕ್ಷರಕ್ಕೆ 1, ನಡುವಿನದಕ್ಕೆ 2, ಕೊನೆಯದಕ್ಕೆ 4 ಬೆಲೆ ಕೊಡಿ. ಮೂರೂ ಗುರು ಇರುವ ಮ ಗಣ 0 ಆಗ್ತದೆ, ಲಘು ಗುರು ಗುರು ಇರುವ ಯ ಗಣ 1, ನಡುವೆ ಲಘು ಇರುವ ರ ಗಣ 2, ಹೀಗೆ ಮ, ಯ, ರ, ಸ, ತ, ಜ, ಭ, ನ ಅಂತ ಹೇಳುವ ಕ್ರಮ ಸರಿಯಾಗಿ 0, 1, 2, 3, 4, 5, 6, 7 ಆಗಿ ಬರ್ತದೆ. ಒಂದೂ ಆಚೀಚೆ ಇಲ್ಲ. ಕಾಗದದಲ್ಲಿ ಮಾಡಿ ನೋಡಿ, ಮೈ ಜುಂ ಅಂತದೆ.

ಇದು ಸುಮ್ನೆ ಆದದ್ದಲ್ಲ. ಪಿಂಗಳನ ಛಂದಃಶಾಸ್ತ್ರದಲ್ಲಿ ನಷ್ಟ ಅಂತ ಒಂದು ಕ್ರಮ ಉಂಟು, ಪ್ರಸ್ತಾರದ, ಅಂದ್ರೆ ಲಘು ಗುರುವಿನ ಎಲ್ಲ ಜೋಡಣೆಯನ್ನ ಕ್ರಮವಾಗಿ ಬರೆದ ಪಟ್ಟಿಯ, ಇಂತಿಷ್ಟನೇ ಸಾಲಿನಲ್ಲಿ ಯಾವ ಲಘು ಗುರು ಉಂಟು ಅಂತ, ಹಿಂದಿನ ಸಾಲುಗಳನ್ನ ಬರೆಯದೆಯೇ ಕಂಡುಹಿಡಿಯುದು. ಸಾಲಿನ ಸಂಖ್ಯೆ ಸಮ ಆದ್ರೆ ಅರ್ಧ ಮಾಡಿ ಲಘು ಬರೀರಿ, ಬೆಸ ಆದ್ರೆ ಒಂದು ಕೂಡಿಸಿ ಅರ್ಧ ಮಾಡಿ ಗುರು ಬರೀರಿ. ಆರನೇ ಸಾಲು ಬೇಕಾ, 6 ಸಮ, ಲಘು, ಅರ್ಧ 3. 3 ಬೆಸ, ಗುರು, ಒಂದು ಕೂಡಿಸಿ ಅರ್ಧ 2. 2 ಸಮ, ಲಘು. ಲಘು ಗುರು ಲಘು, ಜ ಗಣ. ನಾವು 671ಕ್ಕೆ ಮಾಡಿದ ಕೆಲಸವೇ ಇದು. ಅಲ್ಲಿ ಸಾಲು ಒಂದರಿಂದ ಶುರು, ನಮ್ಮದು ಸೊನ್ನೆಯಿಂದ ಶುರು, ಆ ‘ಒಂದು ಕೂಡಿಸಿ’ ಬರುದು ಅದಕ್ಕೇ. ಪಿಂಗಳ ಕಂಪ್ಯೂಟರ್ ಕಂಡುಹಿಡಿದ ಅಂತೆಲ್ಲ ಹೇಳ್ಬೇಕಾಗಿಲ್ಲ, ಅವನಿಗೆ ಬೇಕಾಗಿದ್ದದ್ದು ಛಂದಸ್ಸು. ಸೊನ್ನೆ ಮತ್ತೆ ಒಂದು ಇಟ್ಟು ಕೂಡಿಸುವ ಗುಣಿಸುವ ಅಂಕಗಣಿತವನ್ನ 1703ರಲ್ಲಿ ಪ್ರಕಟ ಮಾಡಿದ್ದು ಜರ್ಮನಿಯ ಲೈಬ್ನಿಜ್. ಆದ್ರೆ ಅರ್ಧ ಮಾಡ್ತಾ ಹೋಗಿ ಸಮ ಬೆಸ ನೋಡುವ ಈ ಕ್ರಮ ಛಂದಸ್ಸು ಓದಿದವರ ಕೈಯಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಇತ್ತು, ಕನ್ನಡ ಮೇಷ್ಟ್ರ ಪಾಠ ಸರಿಯಾಗಿ ಕೇಳಿದ ಮಕ್ಕಳಿಗೆ ದ್ವಿಮಾನ ಹೊಸತೇ ಅಲ್ಲ.

ದಶಮಾಂಶ ಬಿಂದು ಇದ್ದಾಗ

ಇಲ್ಲಿ ಹೆಚ್ಚಿನವರು ಕೈ ಬಿಡ್ತಾರೆ, ಹಾಗಾಗಿ ಇದನ್ನ ನಿಧಾನಕ್ಕೆ ನೋಡುವ. ಬಿಂದುವಿನ ಬಲಕ್ಕೆ ದಶಮಾನದಲ್ಲಿ ಹತ್ತನೇ ಒಂದು, ನೂರನೇ ಒಂದು ಅಂತ ಸ್ಥಾನಗಳು. ದ್ವಿಮಾನದಲ್ಲಿ ಅರ್ಧ, ಕಾಲು, ಅರೆಕಾಲು, ಮತ್ತೆ ಹದಿನಾರನೇ ಒಂದು. ಅಜ್ಜ ಅಜ್ಜಿಯ ಕಾಲದ ರೂಪಾಯಿ ಹೀಗೇ ಇತ್ತು. ಒಂದು ರೂಪಾಯಿಗೆ ಹದಿನಾರು ಆಣೆ, ಅರ್ಧ ರೂಪಾಯಿ ಎಂಟಾಣೆ, ಕಾಲು ರೂಪಾಯಿ ನಾಲ್ಕಾಣೆ, ಅದರ ಅರ್ಧ ಎರಡಾಣೆ, ಅದರ ಅರ್ಧ ಒಂದಾಣೆ. ಹದಿಮೂರು ಆಣೆಯನ್ನ ನಾಣ್ಯದಲ್ಲಿ ಕೊಡ್ಬೇಕಾದ್ರೆ ಒಂದು ಎಂಟಾಣೆ, ಒಂದು ನಾಲ್ಕಾಣೆ, ಎರಡಾಣೆ ಬೇಡ, ಒಂದು ಒಂದಾಣೆ. ಇದ್ದದ್ದಕ್ಕೆ 1, ಬೇಡದ್ದಕ್ಕೆ 0 ಬರೀರಿ: 1, 1, 0, 1. ಹದಿಮೂರು ಆಣೆ ಅಂದ್ರೆ ರೂಪಾಯಿಯಲ್ಲಿ 0.8125, ದ್ವಿಮಾನದಲ್ಲಿ ಅದು 0.1101. ಮುಗೀತು.

ಆಣೆ ನೆನಪಾಗದಿದ್ರೆ ಕ್ರಮ ಇದು. ಬಿಂದುವಿನ ನಂತರದ ಭಾಗವನ್ನ ಎರಡರಿಂದ ಗುಣಿಸಿ. ಬಿಂದುವಿನ ಎಡಕ್ಕೆ 1 ಬಂದ್ರೆ 1 ಬರೀರಿ, ಬರದಿದ್ರೆ 0. ಆ 1ನ್ನ ಬಿಟ್ಟು ಉಳಿದ ಭಾಗವನ್ನ ಮತ್ತೆ ಗುಣಿಸಿ.

0.8125 × 2 = 1.625, ಬರೆಯುದು 1
0.625 × 2 = 1.25, ಬರೆಯುದು 1
0.25 × 2 = 0.5, ಬರೆಯುದು 0
0.5 × 2 = 1.0, ಬರೆಯುದು 1

ಉಳಿದದ್ದು 0, ಹಾಗಾಗಿ ನಿಲ್ಲಿಸಿ. ಇಲ್ಲಿ ಮೇಲಿಂದ ಕೆಳಗೆ ಓದ್ಬೇಕು, 0.1101. ಯಾಕೆ ಇಲ್ಲಿ ಉಲ್ಟಾ ಅಂದ್ರೆ, ಎರಡರಿಂದ ಗುಣಿಸಿದಾಗ ಬಿಂದುವಿಗೆ ತಾಗಿ ಬಲಕ್ಕೆ ಇದ್ದ ಅಂಕಿ ಎಡಕ್ಕೆ ದಾಟಿ ಬರ್ತದೆ, ಮೊದಲು ದಾಟುದು ಅರ್ಧದ ಸ್ಥಾನದ್ದು, ಮತ್ತೆ ಕಾಲಿನದ್ದು. ಎಡದಿಂದ ಬಲಕ್ಕೆ ಅಂಕಿಗಳು ಸಿಕ್ತವೆ, ಸಿಕ್ಕಿದ ಹಾಗೇ ಬರೆಯುದು. ಸಂಖ್ಯೆಯಲ್ಲಿ ಎರಡೂ ಭಾಗ ಇದ್ರೆ, ಉದಾಹರಣೆಗೆ 14.8125, ಎಡದ 14ನ್ನ ಭಾಗಿಸಿ, ಬಲದ್ದನ್ನ ಗುಣಿಸಿ, ಜೋಡಿಸಿ: 1110.1101.

ಈಗ 0.1 ಮಾಡಿ ನೋಡಿ. 0.2, ಬರೆಯುದು 0. 0.4, 0. 0.8, 0. 1.6, ಬರೆಯುದು 1, ಉಳಿದದ್ದು 0.6. 1.2, ಬರೆಯುದು 1, ಉಳಿದದ್ದು 0.2. ಮತ್ತೆ 0.4, 0.8, 1.6, 1.2, ಪುನಃ 0.2. ಇದಕ್ಕೆ ಕೊನೆ ಇಲ್ಲ: 0.0001100110011 ಅಂತ ಹೋಗ್ತಾನೇ ಇರ್ತದೆ. ನಿಮ್ಮ ಲೆಕ್ಕ ತಪ್ಪಿಲ್ಲ, ಅದು ಇರುದೇ ಹಾಗೆ. ಹತ್ತು ಅಂದ್ರೆ 2 × 5, ಆ ಐದನ್ನ ಎಷ್ಟು ಸಲ ಅರ್ಧ ಮಾಡಿದ್ರೂ ತೀರುದಿಲ್ಲ. ಹತ್ತು ಪೈಸೆಯನ್ನ ಆಣೆಯಲ್ಲಿ, ಆಣೆಯ ಅರ್ಧದಲ್ಲಿ, ಅದರ ಅರ್ಧದಲ್ಲಿ ಎಷ್ಟು ಚಿಲ್ಲರೆ ಮಾಡಿದ್ರೂ ಸರಿಯಾಗಿ ಕೊಡ್ಲಿಕ್ಕೆ ಆಗುದಿಲ್ಲ. ದ್ವಿಮಾನದಿಂದ ದಶಮಾನಕ್ಕೆ ಬರುವಾಗ ಆ ತೊಂದ್ರೆ ಇಲ್ಲ, ಒಂದಾಣೆ ಅಂದ್ರೆ 6.25 ಪೈಸೆ, ಎರಡೇ ಅಂಕಿಯಲ್ಲಿ ಮುಗೀತದೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದಾಗ ಕಾಲು ಪೈಸೆಯ ನಾಣ್ಯ ಇಲ್ಲದ ಕಾರಣ ಒಂದಾಣೆಗೆ 6 ಪೈಸೆ ಅಂತ ಮಾಡ್ಬೇಕಾಯ್ತು.

ಕಂಪ್ಯೂಟರ್ ಒಳಗೂ 0.1 ಪೂರ್ತಿ ಕೂರುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಿ ಇಡ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 + 0.2 ಕೊಟ್ರೆ 0.30000000000000004 ಅಂತ ಬರುದು ಅದಕ್ಕೆ. ಪರೀಕ್ಷೆಯಲ್ಲಿ ಇಂಥದ್ದು ಬಂದ್ರೆ ಪ್ರಶ್ನೆಯಲ್ಲಿ ಎಷ್ಟು ಅಂಕಿ ಕೇಳಿದ್ದಾರೋ ಅಷ್ಟು ಬರೆದು ಮುಂದೆ ಚುಕ್ಕಿ ಹಾಕಿ.

ಎಂಟು ಅಂಕಿ, ನಾಲ್ಕು ಅಂಕಿ

ಮನೆಯ ವೈಫೈ ರೂಟರಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ 192.168.1.1 ಅಂತ ಇರ್ತದೆ ಹೆಚ್ಚಾಗಿ. ಆ ನಾಲ್ಕೂ ಸಂಖ್ಯೆ ಒಂದೊಂದು ಬೈಟ್, ಎಂಟೆಂಟು ಅಂಕಿ, ಹಾಗಾಗಿ ಯಾವುದೂ 255ಕ್ಕಿಂತ ಮೇಲೆ ಹೋಗುದಿಲ್ಲ. 192 ಅಂದ್ರೆ 128 + 64, 11000000. 168 ಅಂದ್ರೆ 128 + 32 + 8, 10101000. 1ಕ್ಕೆ ಎಡದಲ್ಲಿ ಸೊನ್ನೆ ತುಂಬಿಸಿ 00000001, ಎಡದ ಸೊನ್ನೆಗೆ ಬೆಲೆ ಇಲ್ಲ, ಬರೀ ಜಾಗ ತುಂಬಿಸ್ಲಿಕ್ಕೆ. 255 ಪೂರ್ತಿ ಒಂದು, 11111111, ಯಾಕಂದ್ರೆ ಅದು 256ಕ್ಕೆ ಒಂದು ಕಮ್ಮಿ. ಇದು ಗೊತ್ತಿದ್ರೆ 253ಕ್ಕೆ ಭಾಗಾಕಾರವೇ ಬೇಡ, 255ರಲ್ಲಿ 2 ಕಮ್ಮಿ, 2ರ ಸ್ಥಾನದ 1ನ್ನ 0 ಮಾಡಿ, 11111101. ನೆಟ್ವರ್ಕಿಂಗ್ ಕೋರ್ಸ್ ಮಾಡುವವರಿಗೆ ಇದು ದಿನಾ ಬೇಕಾಗ್ತದೆ.

ಇನ್ನೊಂದು ದೊಡ್ಡದು. ಈ ಲೇಖನದಲ್ಲಿರುವ ಪ್ರತಿ ಕನ್ನಡ ಅಕ್ಷರಕ್ಕೂ ಯುನಿಕೋಡ್‌ನಲ್ಲಿ ಒಂದು ಸಂಖ್ಯೆ ಉಂಟು, ‘ಕ’ದ್ದು 3221. ಭಾಗಿಸಿದ್ರೆ ಭಾಗಲಬ್ಧಗಳು 1610, 805, 402, 201, 100, 50, 25, 12, 6, 3, 1, 0. ಶೇಷ 1, 0, 1, 0, 1, 0, 0, 1, 0, 0, 1, 1. ಕೆಳಗಿಂದ 110010010101. ಬಲದಿಂದ ನಾಲ್ಕು ನಾಲ್ಕು ಅಂಕಿ ಬೇರೆ ಮಾಡಿ ಬರೀರಿ, 1100 1001 0101. ನಾಲ್ಕರ ಗುಂಪುಗಳ ಬೆಲೆ 12, 9, 5. ಹೆಕ್ಸಾಡೆಸಿಮಲ್‌ನಲ್ಲಿ, ಅಂದ್ರೆ ಸ್ಥಾನಬೆಲೆ ಹದಿನಾರು ಪಟ್ಟು ಆಗ್ತಾ ಹೋಗುವ ಕ್ರಮದಲ್ಲಿ, ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹನ್ನೆರಡಕ್ಕೆ ಸಿ ಅಂತ ಬರೀತಾರೆ, ಹಾಗಾಗಿ ಸಿ95. ಯುನಿಕೋಡ್ ಪಟ್ಟಿಯಲ್ಲಿ ‘ಕ’ದ ಕೆಳಗೆ ಇರುದು ಇದೇ, ಎದುರಿಗೆ ಒಂದು ಸೊನ್ನೆ ಸೇರಿಸಿ. ಹೆಕ್ಸಾಡೆಸಿಮಲ್ ಬೇರೆ ಪಾಠ ಅಂತ ಹೆದರುವ ಅಗತ್ಯ ಇಲ್ಲ, ದ್ವಿಮಾನ ಬಂದ್ರೆ ಅದು ಬರೀ ನಾಲ್ಕು ನಾಲ್ಕು ಮಾಡಿ ಓದುದು.

ಮಾಡಿ ನೋಡ್ಲಿಕ್ಕೆ

ಉತ್ತರ ಕೂಡ ಇಲ್ಲೇ ಕೊಡ್ತೇನೆ, ಆದ್ರೆ ಮೊದಲು ಮುಚ್ಚಿಟ್ಟು ಮಾಡಿ. ಕೇರಳ ರಾಜ್ಯ ಆಗಿ ಕಾಸರಗೋಡು ಅದಕ್ಕೆ ಸೇರಿದ 1956ನ್ನ ಭಾಗಿಸಿ ಮಾಡಿ, 11110100100 ಬರ್ಬೇಕು. 100ನ್ನ ಕಳೆಯುವ ದಾರಿಯಲ್ಲಿ ಮಾಡಿ, 1100100. ಹನ್ನೊಂದು ಆಣೆ, ಅಂದ್ರೆ 0.6875, ಗುಣಿಸಿ ಮಾಡಿದ್ರೆ 0.1011.

ಮತ್ತೆ ಎರಡು ವರ್ಷ ಒಟ್ಟಿಗೆ ಮಾಡಿ. ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದ್ದು 1883ರಲ್ಲಿ, ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ. ಮೊದಲನೆಯದು 11101011011, ಎರಡನೆಯದು 11101111011. ಒಂದರ ಕೆಳಗೆ ಒಂದು ಬರೆದು ನೋಡಿ, ಒಂದೇ ಒಂದು ಅಂಕಿ ಬೇರೆ, ಬಲದಿಂದ ಆರನೆಯದು, 32ರ ಸ್ಥಾನದ್ದು. ಇಬ್ಬರ ನಡುವೆ ಇರುದು 32 ವರ್ಷ, ಮತ್ತೆ 1883ರಲ್ಲಿ ಆ ಸ್ಥಾನ ಖಾಲಿ ಇತ್ತು, ಹಾಗಾಗಿ 32 ಕೂಡಿಸಿದಾಗ ಆ 0 ಒಂದು 1 ಆಯ್ತು, ಬೇರೆ ಯಾವುದೂ ಅಲುಗಾಡ್ಲಿಲ್ಲ. 1915ಕ್ಕೆ ಇನ್ನೊಮ್ಮೆ 32 ಕೂಡಿಸಿದ್ರೆ 1947, ಈ ಸಲ ಆ ಸ್ಥಾನದಲ್ಲಿ ಮೊದಲೇ 1 ಉಂಟು, ದಶಕ ಹೋಗುವ ಹಾಗೆ ಎಡಕ್ಕೆ ಹೋಗ್ತದೆ, 64ರಲ್ಲೂ 1 ಉಂಟು, ಅಲ್ಲಿಂದಲೂ ದಾಟಿ 128ರ ಖಾಲಿ ಜಾಗದಲ್ಲಿ ಕೂರ್ತದೆ. ಉತ್ತರ 11110011011. ಭಾಗಿಸಿಯೂ ಮಾಡಿ, ಎರಡೂ ಒಂದೇ ಬರ್ಬೇಕು.

ಪೇಪರಿನಲ್ಲಿ ಬರೆಯುವಾಗ ಒಂದು ವಿಷಯ ನೆನಪಿಡಿ, ಸಂಖ್ಯೆಯನ್ನ ಕಂಸದಲ್ಲಿ ಹಾಕಿ ಬಲಕ್ಕೆ ಕೆಳಗೆ ಸಣ್ಣದಾಗಿ 2 ಅಥವಾ 10 ಬರೀರಿ. 1110 ಅಂತ ಬರೀ ಬರೆದ್ರೆ ಅದು ಹದಿನಾಲ್ಕೋ ಸಾವಿರದ ನೂರ ಹತ್ತೋ ಅಂತ ಪೇಪರ್ ನೋಡುವವರಿಗೆ ತಿಳಿಯುದಿಲ್ಲ. ಭಾಗಾಕಾರದ ಸಾಲುಗಳನ್ನೂ ಅಳಿಸ್ಬೇಡಿ, ಕೊನೆಯ ಉತ್ತರದಲ್ಲಿ ಒಂದು ಅಂಕಿ ತಪ್ಪಿದ್ರೂ ಸ್ಟೆಪ್ಪಿಗೆ ಮಾರ್ಕ್ ಸಿಕ್ಲಿಕ್ಕೆ ಅವಕಾಶ ಉಂಟು.